ನಲವತ್ತೊಂದನೆಯ ಹೇಳಿಕೆ

"ಅಣ್ಣಾ, ಅಕ್ಕ ಮೇಲಿದ್ದಾರಾ? ಸ್ವಲ್ಪ ಕರೀರಿ. ಇವತ್ತು ನನ್ನ ಮಾತು ಕೇಳೋರು ಅವರೊಬ್ಬರೇ."

ಪುಸ್ತಕ ಕಟ್ಟುವ ಬೈಂಡರ್ ಅಂಟಿನ ಕುಂಚವನ್ನು ಡಬ್ಬಿಯಲ್ಲೇ ಬಿಟ್ಟು ತಲೆಯೆತ್ತಿದ. ಬಾಗಿಲಲ್ಲಿ ಪ್ಲೇಟಮ್ಮ ನಿಂತಿದ್ದಳು. ಬ್ಯಾಟರಿ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಸೀಸದ ಪ್ಲೇಟು ಜೋಡಿಸಿದ್ದಕ್ಕೆ ಬಂದ ಹೆಸರು ಅದು. ಕಾರ್ಖಾನೆ ಅವಳನ್ನು ಹಿಂಡಿ ಹೊರಗೆಸೆದ ಮೇಲೂ ಹೆಸರು ಮಾತ್ರ ಬೆನ್ನು ಬಿಟ್ಟಿರಲಿಲ್ಲ. ಈಗ ನಾಲ್ಕು ಮನೆ ಗುಡಿಸಿ ಒರೆಸಿ ದಿನ ತಳ್ಳುತ್ತಿದ್ದಳು.

ಬೈಂಡರ್ ಕೂರಿಸಿ ಚಹಾ ಕೊಟ್ಟ. ಲೋಟವನ್ನು ಅವಳು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದಳು, ಚಳಿಯಲ್ಲಿ ಕೂತವರ ಹಾಗೆ. ಹೊರಗೆ ಬಿಸಿಲು ಧಗಧಗ ಉರಿಯುತ್ತಿತ್ತು.

ಮೆಟ್ಟಿಲಿಳಿದು ಬಂದವಳು ಎಕ್ಸ್‌ಚೇಂಜ್ ಅಕ್ಕ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಕರೆಗಳನ್ನು ಜೋಡಿಸಿದವಳು. ನಿವೃತ್ತಿಯಾದ ಮೇಲೆ ಬೀದಿಯವರ ಕೆಟ್ಟ ಯಂತ್ರಗಳನ್ನು ನೋಡುತ್ತಿದ್ದಳು. ಯಂತ್ರ ಸರಿಯಿದ್ದು ಮನುಷ್ಯರು ಕೆಟ್ಟಿದ್ದರೆ ಅದನ್ನೂ ನೋಡುತ್ತಿದ್ದಳು. ಅವಳ ಸಲಕರಣೆ ಚೀಲ ಹೊರುವ ಭಾಗ್ಯ ಏಳು ವರ್ಷದಿಂದ ಬೈಂಡರನದು.

"ಮೊದಲಿಂದ ಹೇಳು. ಅಳೋದು ಆಮೇಲೆ."

"ಅಳ್ತಿಲ್ಲ ಅಕ್ಕ, ಉರೀತಿದೆ. ಮೇಷ್ಟ್ರ ಮನೇಲಿ ಹಳೇ ಕಂಪ್ಯೂಟರಿನ ವೈರ್ ಕಿತ್ತಿತ್ತಂತೆ. ನಾನೇ ಕಿತ್ತೆ ಅಂತ ಅಳಿಯಂದಿರು ಕೂಗಾಡಿದ್ರು. ಕಂಪನಿಯವರ ಹತ್ರ ಮಾತಾಡ್ಕೊಂಡು ಬಂದಿದ್ದೀನಂತೆ. ಮೇಷ್ಟ್ರು ನನ್ನನ್ನ ಒಂದು ಮಾತು ಕೇಳಲಿಲ್ಲ. ಬೀದಿ ಹೆಂಗಸರಿಗೆಲ್ಲ ಹೇಳಿ ಕಳಿಸಿಬಿಟ್ರು, ಪ್ಲೇಟಮ್ಮ ಮಾರಿಕೊಂಡ್ಲು ಅಂತ. ನಾಳೆ ಕಾರ್ಖಾನೆ ಮೇಲಿನ ವಿಚಾರಣೇಲಿ ನಾನು ಬಾಯಿಬಿಟ್ರೆ ಯಾರು ನಂಬ್ತಾರೆ? ನನ್ನ ಹತ್ರ ಮಾತು ಬಿಟ್ಟು ಇನ್ನೇನಿದೆ?"

ಆ ಹಳೆಯ ಕಂಪ್ಯೂಟರಿನಲ್ಲಿ ಏನಿದೆಯೆಂದು ಬೀದಿಗೇ ಗೊತ್ತಿತ್ತು. ಸೀಸ ನುಂಗಿ ಸೊರಗಿದ ಇನ್ನೂರ ಹನ್ನೆರಡು ಹೆಂಗಸರ ಹೇಳಿಕೆಗಳು. ಮೇಷ್ಟ್ರು ಆರು ವರ್ಷ ಮನೆಮನೆ ತಿರುಗಿ ಬರೆದುಕೊಂಡಿದ್ದರು. ಅವರ ಹೆಂಡತಿ ಸಾಯುವ ತನಕ ಅವನ್ನು ಆ ಯಂತ್ರದಲ್ಲಿ ಟೈಪು ಮಾಡಿದ್ದರು. ಇಂದು ಸಂಜೆಯೊಳಗೆ ಅಷ್ಟೂ ವಿಚಾರಣಾ ಮಂಡಳಿಯ ಕೈಸೇರಬೇಕಿತ್ತು. ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳು ಸತ್ತು ಎರಡು ವರ್ಷವಾಗಿದ್ದರಿಂದ ಇಪ್ಪತ್ತು ದಿನದ ಕೆಳಗೆ ಅಕ್ಕನೇ ಹೋಗಿ, ಅದನ್ನೂ ಹೊಸ ಲ್ಯಾಪ್‌ಟಾಪನ್ನೂ ವೈರಿನಲ್ಲಿ ಜೋಡಿಸಿ, ಹಳೆಯದರ ಫೋಲ್ಡರ್ ಹೊಸದರಲ್ಲಿ ಕಾಣುವಂತೆ ಮಾಡಿ ಬಂದಿದ್ದಳು.

ಮೇಷ್ಟ್ರ ಮನೆಯ ದಾರಿಯಲ್ಲಿ ಬೈಂಡರನ ಮನಸ್ಸು ತಿಗಣೆ ಹೊಕ್ಕ ಹಾಸಿಗೆಯಂತಾಯಿತು. ನಾಲ್ಕು ದಿನದ ಕೆಳಗೆ ಪ್ಲೇಟಮ್ಮ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನೊಡನೆ ಮಾತಾಡುತ್ತಿದ್ದುದನ್ನು ಅವನೇ ಕಂಡಿದ್ದ. ನುಂಗಿಕೊಳ್ಳಲಾಗದೆ ಕೇಳಿಯೇಬಿಟ್ಟ.

"ಹಾಜರಿ ಕಾರ್ಡ್ ಕೇಳೋಕೆ ಹೋಗಿದ್ದೆ ಅಣ್ಣ, ನಾನು ಅಲ್ಲಿ ದುಡಿದೆ ಅನ್ನೋದಕ್ಕೆ ಸಾಕ್ಷಿ ಬೇಕಲ್ಲ. ಕೊಡಲಿಲ್ಲ." ಅವಳು ಅವನ ಮುಖ ನೋಡಿದಳು. "ನೀವೂ ಲೆಕ್ಕ ಹಾಕ್ತಿದ್ರಾ?"

ಬೈಂಡರ್ ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ.

ಮೇಷ್ಟ್ರ ಮನೆಯ ಮುಂಗೋಣೆಯಲ್ಲಿ ಹಳೆಯ ಕಂಪ್ಯೂಟರು ಗೋಡೆಗೆ ಬೆನ್ನು ಕೊಟ್ಟು ಗೊರಗೊರ ಸದ್ದು ಮಾಡುತ್ತಿತ್ತು. ಊಟದ ಮೇಜಿನ ಮೇಲೆ ತೆಳ್ಳಗಿನ ಲ್ಯಾಪ್‌ಟಾಪು. ನಡುವೆ ಕಪಾಟಿನ ಮೇಲೆ ಎರಡನ್ನೂ ಕೂಡಿಸುವ ರೂಟರ್ ಡಬ್ಬಿ ದೀಪ ಮಿಟುಕಿಸುತ್ತಿತ್ತು.

"ದುರಸ್ತಿಗೆ ಬಂದ್ರೋ, ವಕಾಲತ್ತಿಗೆ ಬಂದ್ರೋ?" ಮೇಷ್ಟ್ರ ದನಿಯಲ್ಲಿ ಕಹಿ ಇತ್ತು.

"ಎರಡೂ ಒಂದೇ ಚೀಲದಲ್ಲಿದೆ ಮೇಷ್ಟ್ರೇ."

ಅಳಿಯ ಮಾತ್ರ ಬೆಣ್ಣೆಯಂತೆ ಮಾತಾಡಿದ. "ಬನ್ನಿ ಅಕ್ಕ, ಕೂತ್ಕೊಳ್ಳಿ. ಬೆಳಗ್ಗೆ ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ತೆಗೆದೆ, ತೆರೀಲಿಲ್ಲ. ಹಿಂದೆ ಹೋಗಿ ನೋಡಿದ್ರೆ ವೈರ್ ಕೆಳಗೆ ಬಿದ್ದಿದೆ, ಈಕೆ ಅಲ್ಲೇ ಪೊರಕೆ ಹಿಡಿದು ನಿಂತಿದ್ದಾಳೆ. ಇನ್ನೇನು ತಿಳ್ಕೋಬೇಕು ನಾವು?" ಅವನ ಕೈಯಲ್ಲೊಂದು ಡೈರಿ. ದಿನಕ್ಕೊಂದು ಗುರುತು, ದಿನಕ್ಕೆ ಹತ್ತು ಹೇಳಿಕೆ, ಇಪ್ಪತ್ತು ಗುರುತು. "ನಿನ್ನೆ ಸಂಜೆ ಆರಕ್ಕೆ ನೂರ ತೊಂಬತ್ತೊಂದರಿಂದ ಇನ್ನೂರರವರೆಗೆ ನಕಲು ಮಾಡಿದ್ದೀನಿ. ಆಗ ಎಲ್ಲಾ ಸರಿ ಇತ್ತು. ಉಳಿದದ್ದು ಹನ್ನೆರಡೇ."

"ದಿನಕ್ಕೆ ಹತ್ತೇ ಯಾಕೆ?"

"ಹಳೇ ಯಂತ್ರ ಅಕ್ಕ. ಒಂದೇ ಸಲ ಹೇರಿದ್ರೆ ಕಾದು ಸುಟ್ಟುಹೋಗುತ್ತೆ."

ಅಕ್ಕ ಹಳೆಯ ಕಂಪ್ಯೂಟರಿನ ಹಿಂದೆ ಮಂಡಿಯೂರಿ, ಬಿದ್ದಿದ್ದ ವೈರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಉಗುರಿನಷ್ಟು ಚಿಕ್ಕ ಪ್ಲಾಸ್ಟಿಕ್ ನಾಲಿಗೆಯೊಂದಿರುತ್ತದೆ ಅದಕ್ಕೆ. ಅದನ್ನು ಬೆರಳಿಂದ ಅದುಮಿದರಷ್ಟೇ ವೈರು ಕಿಂಡಿಯಿಂದ ಹೊರಬರುವುದು. ನಾಲಿಗೆ ಇದ್ದಂತೆಯೇ ಇತ್ತು, ಒಂದು ಗೀರೂ ಇರಲಿಲ್ಲ. ಸಿಕ್ಕಿಸಿದಳು. ಟಕ್ ಅಂದಿತು. ದೀಪ ಹತ್ತಿತು. ಲ್ಯಾಪ್‌ಟಾಪಿಗೆ ಬಂದು ನಾಲ್ಕಕ್ಷರ ಕುಟ್ಟಿ ಹಳೆಯ ಯಂತ್ರವನ್ನು ಕರೆದಳು. ಅದು ಓಗೊಟ್ಟಿತು. ಫೋಲ್ಡರ್ ಮಾತ್ರ ತೆರೆಯಲಿಲ್ಲ.

"ಗಂಟೆ ಹೊಡೀತಿದೆ. ಆ ಕಡೆಯವರು ಎತ್ತಿಕೊಂಡೂ ಇದ್ದಾರೆ. ಒಬ್ಬರ ಭಾಷೆ ಒಬ್ಬರಿಗೆ ತಿಳೀತಿಲ್ಲ, ಅಷ್ಟೇ."

"ಅಂದ್ರೆ ಒಳಗೂ ಏನೋ ಕೈಯಾಡಿಸಿದ್ದಾಳೆ!" ಎಂದ ಅಳಿಯ.

ಬಾಗಿಲ ಹೊರಗೆ ನಿಂತಿದ್ದ ಪ್ಲೇಟಮ್ಮ ಕೆಮ್ಮಿದಳು. "ಕಂಪ್ಯೂಟರ್ ಅಲ್ಲ ಸ್ವಾಮಿ, ಮಿಕ್ಸಿ ಗುಂಡಿ ಒತ್ತೋಕೂ ನಾನು ಇನ್ನೊಬ್ಬರನ್ನ ಕರೀಬೇಕು."

ಅಕ್ಕ ಒಳಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಮಗಳತ್ತ ತಿರುಗಿದಳು. "ಈ ಲ್ಯಾಪ್‌ಟಾಪ್ ಆರಿಸೋ ರೂಢಿ ಇದೆಯಾ?"

"ಎಲ್ಲಿ ಬಂತು? ಒಂದು ದಿನಾನೂ ಆರಿಸಿಲ್ಲ. ನನ್ನ ಪಾಠ ಎಲ್ಲಾ ಇದರಲ್ಲೇ."

ಅಕ್ಕ ನಕಲಾದ ಹೇಳಿಕೆಗಳನ್ನು ಒಂದೊಂದಾಗಿ ತೆರೆಯತೊಡಗಿದಳು. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ, ಚುಕ್ಕೆ, ಕೊಕ್ಕೆ, ಬಾಲ. ಬೈಂಡರ್ ಗಾಬರಿಯಾದ. ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದು ಹೊಸ ಯಂತ್ರದಲ್ಲಿ ಕಾಣುವುದೇ ಹೀಗೆ, ಎಲ್ಲ ಕೈಸೇರಿದ ಮೇಲೆ ಮಂಡಳಿಯವರೇ ಒಟ್ಟಿಗೆ ಹೊಸ ಅಕ್ಷರಕ್ಕೆ ತಿರುಗಿಸುವುದೆಂದು ಮೊದಲೇ ಮಾತಾಗಿತ್ತು ಎಂದು ಮೇಷ್ಟ್ರು ಬೇಸರದಿಂದ ವಿವರಿಸಿದರು. ಅಂದರೆ ಇಪ್ಪತ್ತು ದಿನದಿಂದ ಆ ಮನೆಯಲ್ಲಿ ಯಾರೂ ಒಂದು ಸಾಲು ಓದಿರಲಿಲ್ಲ. ಓದಲು ಬರುವಂತೆಯೂ ಇರಲಿಲ್ಲ.

ಬೈಂಡರನಿಗಂತೂ ಇಂಗ್ಲಿಷ್ ಬಾರದು. ಆದರೆ ಬೈಂಡ್ ಮಾಡುವವನು ಓದುವುದು ಯಾವಾಗ? ಪುಟದ ಮೈಕಟ್ಟು ನೋಡುತ್ತಾನೆ: ಪ್ಯಾರಾ ಎಲ್ಲಿ ಮುರಿಯಿತು, ಕೊನೆಯ ಸಾಲು ಎಷ್ಟು ಗಿಡ್ಡ. ಒಂದೇ ಫಾರಂ, ಅಂದರೆ ಮಡಿಸಿದ ಪುಟಗಳ ಒಂದೇ ಕಟ್ಟು, ಎರಡು ಸಲ ಸೇರಿದ್ದರೆ ಅವನ ಕಣ್ಣು ತಟ್ಟನೆ ಹಿಡಿಯುತ್ತದೆ. ಈಗಲೂ ಹಿಡಿಯಿತು.

"ಅಕ್ಕ," ಎಂದು ಪಿಸುಗುಟ್ಟಿದ. "ಪುಟ ಡಬಲ್ ಬಿದ್ದಿದೆ. ಮೂರನೇ ಸಾಲಲ್ಲಿ ಎರಡು ಕೊಕ್ಕೆ, ಕೊನೇಲಿ ಗಿಡ್ಡ ಸಾಲು. ಈಗ ನೋಡಿದ್ದೂ ಇದೇ, ಅದರ ಹಿಂದಿನದೂ ಇದೇ."

"ಎಲ್ಲಿಂದ?"

"ನಲವತ್ತೊಂದರಿಂದ."

ಅಕ್ಕ ಹಳೆಯ ಕಂಪ್ಯೂಟರಿಗೆ ಹೋಗಿ ಅಲ್ಲಿನ ಒಂದೆರಡು ಹೇಳಿಕೆ ತೆರೆದು ಓದಿ ಬಂದಳು. ಲ್ಯಾಪ್‌ಟಾಪಿನೊಳಗೆ ಎಲ್ಲೋ ಇಳಿದು, ದಿನಾಂಕ ಗಂಟೆ ಸಮೇತ ಉದ್ದನೆಯ ಪಟ್ಟಿಯೊಂದನ್ನು ತೆರೆದು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ತೆಗೆದಳು.

"ಎಲ್ಲರೂ ಕೂತ್ಕೊಳ್ಳಿ. ಪ್ಲೇಟಮ್ಮ, ನೀನೂ. ಅಲ್ಲಲ್ಲ, ಕುರ್ಚಿ ಮೇಲೆ."

ಆ ಮನೆಯ ಕುರ್ಚಿಗಳನ್ನು ಮೂರು ವರ್ಷದಿಂದ ಒರೆಸಿದ್ದ ಪ್ಲೇಟಮ್ಮ ಒಂದರ ಅಂಚಿನಲ್ಲಿ ಕೂತಳು. ಮೇಷ್ಟ್ರು ಮುಖ ತಿರುಗಿಸಿದರು.

"ಮೊದಲು ವೈರ್ ವಿಷಯ," ಅಕ್ಕ ಶುರುಮಾಡಿದಳು. "ಜಗ್ಗಿ ಕಿತ್ತಿದ್ರೆ ನಾಲಿಗೆ ಮುರೀತಿತ್ತು. ಮುರಿದಿಲ್ಲ. ಯಾರೋ ಹೆಬ್ಬೆರಳಿಂದ ಅದುಮಿ, ನಾಜೂಕಾಗಿ ತೆಗೆದಿದ್ದಾರೆ. ಪ್ಲೇಟಮ್ಮ, ಕೈ ತೋರಿಸ್ತೀಯಾ? ಬೇಡ ಅನಿಸಿದ್ರೆ ಬೇಡ."

ಪ್ಲೇಟಮ್ಮ ಎರಡೂ ತೋಳು ಮುಂದೆ ಚಾಚಿದಳು. ಮಣಿಕಟ್ಟಿನಿಂದಾಚೆ ಕೈಗಳು ಬಾಡಿದ ಹೂವಿನಂತೆ ಜೋತುಬಿದ್ದವು. ಅಕ್ಕ ಚೀಲದಿಂದ ತೆಗೆದುಕೊಟ್ಟ ಅಂಥದೇ ಬೇರೊಂದು ವೈರಿನ ತುದಿಯನ್ನು ಹಿಡಿದು ನಾಲಿಗೆ ಅದುಮಲು ನೋಡಿದಳು. ಹೆಬ್ಬೆರಳು ಜಾರಿತು. ಮತ್ತೆ ನೋಡಿದಳು, ಮತ್ತೆ ಜಾರಿತು. ಪೊರಕೆಯನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಗುಡಿಸಬಲ್ಲ ಕೈ ಒಂದು ಚಿಟಿಕೆ ಹಿಡಿಯಲಾರದಾಗಿತ್ತು.

"ಎಂಬತ್ತೇಳನೇ ಹೇಳಿಕೆ ಇವಳದ್ದು, ಅಲ್ವಾ ಮೇಷ್ಟ್ರೇ? 'ರವಿಕೆಯ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ, ಮಗಳು ಹಾಕುತ್ತಾಳೆ.' ಈಗಷ್ಟೇ ಹಳೇ ಯಂತ್ರದಲ್ಲಿ ತೆಗೆದು ಓದಿದೆ. ನೀವೇ ಕೇಳಿ ಬರ್ಕೊಂಡಿದ್ದು. ಕಾಗದದ ಮೇಲೆ ನಂಬಿದ್ರಿ. ನಿಮ್ಮ ಮನೆ ಗುಡಿಸುವಾಗ ನಂಬಲಿಲ್ಲ."

ಪ್ಲೇಟಮ್ಮನ ಕೈಲಿದ್ದ ವೈರನ್ನು ಮೇಷ್ಟ್ರು ತಾವೇ ತೆಗೆದು ಮೇಜಿನ ಮೇಲಿಟ್ಟರು.

"ಎರಡನೇದು. ವೈರ್ ವಾಪಸ್ ಸಿಕ್ಕಿಸಿದ್ರೂ ಫೋಲ್ಡರ್ ತೆರೀಲಿಲ್ಲ. ಅಂದ್ರೆ ರೋಗ ವೈರಿನದ್ದಲ್ಲ. ಹಳೇ ಯಂತ್ರಕ್ಕೆ ಹಳೇ ಭಾಷೆ ಒಂದೇ ಗೊತ್ತು. ಹೊಸದಕ್ಕೆ ಆ ಭಾಷೆ ಅಪಾಯ, ಅದರ ಮೂಲಕ ಕಳ್ಳರು ನುಗ್ತಾರೆ ಅಂತ ಭಯ. ಅದಕ್ಕೆ ನಾನು ಅವತ್ತು ಹೊಸದರೊಳಗೆ ಒಬ್ಬ ದುಭಾಷಿನ, ಅಂದ್ರೆ ಒಂದು ಸಣ್ಣ ಪ್ರೋಗ್ರಾಮನ್ನ, ಕೂರಿಸಿ ಬಂದಿದ್ದೆ. ಅವನದ್ದೊಂದು ಷರತ್ತಿದೆ. ಯಂತ್ರ ಹಚ್ಚಿಟ್ಟ ಲೆಕ್ಕದಲ್ಲಿ ಹದಿನೈದು ದಿನ ಯಾರೂ ಅವನನ್ನ ಕರೀಲಿಲ್ಲ ಅಂದ್ರೆ, ಹೊಸ ಯಂತ್ರ ತಾನಾಗೇ ಅವನನ್ನ ಎಬ್ಬಿಸಿ ಕಳಿಸಿಬಿಡುತ್ತೆ. ಕಳಿಸಿದ ದಿನ, ಗಂಟೆ ಎಲ್ಲಾ ಬರೆದಿಡುತ್ತೆ."

ಅವಳು ಲ್ಯಾಪ್‌ಟಾಪನ್ನು ಎಲ್ಲರತ್ತ ತಿರುಗಿಸಿದಳು.

"ಕಳಿಸಿದ್ದು ನಿನ್ನೆ ಬೆಳಗ್ಗೆ. ಅಂದ್ರೆ ಅದಕ್ಕೆ ಮುಂಚೆ ಹದಿನೈದು ದಿನ ಈ ಯಂತ್ರ ಆ ಯಂತ್ರದ ಬಾಗಿಲು ತಟ್ಟಿಲ್ಲ. ನಿಮ್ಮ ಡೈರೀಲಿ ಆ ಹದಿನೈದು ದಿನಕ್ಕೂ ಗುರುತಿದೆ ಅಳಿಯಂದಿರೇ. ನಿನ್ನೆ ಸಂಜೆ ಆರಕ್ಕೂ ಇದೆ. ದುಭಾಷಿ ಹೋಗಿ ಆಗಿತ್ತಲ್ಲ, ಯಾರ ಬಾಯಲ್ಲಿ ಮಾತಾಡಿಸಿದ್ರಿ?"

"ಯಂತ್ರ... ಏನೋ ತಪ್ಪು ಬರೆದಿರಬೇಕು."

"ಇರಬಹುದು. ಆದರೆ ಬೈಂಡರ್ ಕಣ್ಣು? ಮೊದಲ ನಾಲ್ಕು ದಿನ ನಲವತ್ತು ಹೇಳಿಕೆ ನಿಜವಾಗೇ ತಂದ್ರಿ. ಆಮೇಲೆ ನಲವತ್ತನೇದನ್ನೇ ನೂರ ಅರವತ್ತು ಸಲ ನಕಲು ಮಾಡಿ, ಬರೀ ಫೈಲಿನ ಹೆಸರು ಬದಲಾಯಿಸಿದ್ರಿ. ತೆರೆದ್ರೆ ಎಲ್ಲಾ ಕೊಕ್ಕೆ ಬಾಲ. ಯಾರು ಓದ್ತಾರೆ ಅನ್ನೋ ಧೈರ್ಯ. ನಾಳೆ ಮಂಡಳಿ ಅಕ್ಷರ ತಿರುಗಿಸಿ ನೋಡ್ತಿತ್ತು, ನೂರಾರು ಹೆಂಗಸರ ಬಾಯಲ್ಲಿ ಅಕ್ಷರ ಬಿಡದೆ ಒಂದೇ ಮಾತು. ಕಟ್ಟುಕತೆ ಅಂತ ಎಲ್ಲಾನೂ ಬಿಸಾಡ್ತಿತ್ತು. ಅಳಿಸಿ ಹಾಕಿದ್ರೆ ಕಳ್ಳ ನೀವಾಗ್ತಿದ್ರಿ. ಹೀಗೆ ಮಾಡಿದ್ರೆ ಸುಳ್ಳರು ಅವರಾಗ್ತಿದ್ರು."

ಅಕ್ಕ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು ಮೇಷ್ಟ್ರತ್ತ ನೋಡಿದಳು.

"ಇವತ್ತು ಬೆಳಗ್ಗೆ ಮೇಷ್ಟ್ರು ಉಳಿದ ಹನ್ನೆರಡು ತಮ್ಮೆದುರೇ ತೆಗಿ ಅಂದಿರಬೇಕು. ಹೌದಾ?"

ಮೇಷ್ಟ್ರು ತಲೆಯಾಡಿಸಿದರು.

"ಫೋಲ್ಡರ್ ತೆರೀಲಿಲ್ಲ. ಯಾಕೆ ಅಂತ ಇವರಿಗೇ ತಿಳೀಲಿಲ್ಲ. ಯಾರಾದ್ರೂ ಒಳಹೊಕ್ಕು ನೋಡಿದ್ರೆ ಬಣ್ಣ ಬಯಲಾಗುತ್ತೆ. ಅದಕ್ಕೆ ಹಿಂದೆ ಹೋಗಿ ವೈರ್ ತೆಗೆದು, ಪೊರಕೆ ಹಿಡಿದವಳನ್ನ ತೋರಿಸಿದ್ರು. ಪೊರಕೆ ಹಿಡಿದವಳನ್ನ ಕಳ್ಳಿ ಅಂದ್ರೆ ಯಾವ ಮನೇಲಾದ್ರೂ ಎರಡನೇ ಪ್ರಶ್ನೆ ಬರುತ್ತಾ? ಆ ಲೆಕ್ಕ ಮಾತ್ರ ಇವರದ್ದು ಸರಿಯಾಗಿತ್ತು."

ಮಗಳು ಎದ್ದು ಗಂಡನೆದುರು ನಿಂತಳು. "ಮುಂದಿನ ತಿಂಗಳಿಂದ ಹೊಸ ಕೆಲಸ ಅಂದ್ರಲ್ಲ. ಎಲ್ಲಿ ಅಂತ ಕೇಳಿದ್ರೆ ನಕ್ಕುಬಿಟ್ರಿ. ಎಲ್ಲಿ?"

"ಕಾರ್ಖಾನೇಲಿ," ಅವನ ದನಿ ನೆಲಕ್ಕಿಳಿದಿತ್ತು. "ಕ್ಷೇಮಾಧಿಕಾರಿ ಹುದ್ದೆ."

"ಯಾರ ಕ್ಷೇಮ ಸ್ವಾಮಿ?" ಕೇಳಿದವಳು ಪ್ಲೇಟಮ್ಮ. ಮಗಳು ಹೊರಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. ಅವನು ಡೈರಿಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ಅಕ್ಕ ದುಭಾಷಿಯನ್ನು ಮತ್ತೆ ಕರೆಸಿದಳು. ಲ್ಯಾಪ್‌ಟಾಪು ಒಮ್ಮೆ ಆರಿ ಹತ್ತಿತು, ಫೋಲ್ಡರ್ ತೆರೆಯಿತು. ಇನ್ನೂರ ಹನ್ನೆರಡೂ ಇಳಿದುಬರಲು ಮೂರು ನಿಮಿಷ ಸಾಕಾಯಿತು. ಯಂತ್ರ ಕಾಯಲೂ ಇಲ್ಲ, ಸುಡಲೂ ಇಲ್ಲ. "ಇದನ್ನ ಅವತ್ತೇ ಮಾಡಬೇಕಿತ್ತು. ಅಳಿಯ ಬೇಡ ಅಂದ, ನಾನು ಬಿಟ್ಟೆ," ಎಂದು ಅವಳು ತನಗೇ ಹೇಳಿಕೊಂಡಳು. ಅಕ್ಷರಗಳು ಕನ್ನಡಕ್ಕೆ ತಿರುಗಿ, ಒಂದೊಂದು ಹೇಳಿಕೆಗೂ ಅದರದೇ ಮುಖ ಬಂತು. ಬೈಂಡರ್ ನಲವತ್ತೊಂದನೆಯದನ್ನು ಓದಿದ. ಹೊಟ್ಟೆಯಲ್ಲೇ ಮಗು ಸತ್ತವಳೊಬ್ಬಳ ಮಾತು. ಕಣ್ಣು ಒರೆಸಿಕೊಂಡು ಪ್ಲೇಟಮ್ಮನ ಹತ್ತಿರ ಹೋದ. "ನಾನೂ ಲೆಕ್ಕ ಹಾಕಿದ್ದೆ ತಂಗಿ. ತಪ್ಪಾಯ್ತು."

ಅವಳು ಹೂಂ ಎಂದಳು, ಅಷ್ಟೇ.

ಮೇಷ್ಟ್ರು ಕೈಮುಗಿದರು. "ನನ್ನದೂ ತಪ್ಪಾಯ್ತಮ್ಮ. ನಾಳೆಯಿಂದ ಎಂದಿನ ಹಾಗೆ ಬಾ."

"ನಾಳೆ ನಾನು ಸಾಕ್ಷಿ ಹೇಳೋಕೆ ಹೋಗ್ತೀನಿ ಮೇಷ್ಟ್ರೇ. ಗುಡಿಸೋಕೆ ಬರೋದಾ ಬೇಡವಾ, ಆಮೇಲೆ ಯೋಚಿಸ್ತೀನಿ." ಅವಳು ಎದ್ದಳು. "ಈ ಕೋಣೇಲಿ ನಂಗೆ ತಪ್ಪಾಯ್ತು ಅಂದ್ರೆ ಆಯ್ತಾ? ಬೆಳಗ್ಗೆ ಎಷ್ಟು ಮನೆಗೆ ಹೇಳಿ ಕಳಿಸಿದ್ರಿ?"

"ಹನ್ನೊಂದು. ಈಗಲೇ ಎಲ್ಲರಿಗೂ ಫೋನ್ ಮಾಡ್ತೀನಿ."

"ಫೋನ್‌ನಲ್ಲಿ ಮುಖ ಕಾಣಲ್ಲ. ಚಪ್ಪಲಿ ಹಾಕ್ಕೊಳ್ಳಿ, ಮನೆ ನಾನು ತೋರಿಸ್ತೀನಿ."

ಅಕ್ಕ ಮಂಡಳಿಗೆ ಕೊಡಬೇಕಾದುದನ್ನು ಪೆನ್‌ಡ್ರೈವಿಗೆ ಹಾಕಿ ಮಗಳ ಕೈಗಿತ್ತಳು. ಬೈಂಡರ್ ಚೀಲ ಹೆಗಲಿಗೇರಿಸಿ ಬೀದಿಗಿಳಿದಾಗ ಪ್ಲೇಟಮ್ಮ ಮುಂದೆ ನಡೆಯುತ್ತಿದ್ದಳು, ಮೇಷ್ಟ್ರು ಹಿಂದೆ. ಉರಿಬಿಸಿಲಿನಲ್ಲಿ ತಲೆತಗ್ಗಿಸಿಕೊಂಡು ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರು. ಮೂಲೆಯ ಮೊದಲ ಮನೆಯೆದುರು ಅವಳು ನಿಂತು ಪಕ್ಕಕ್ಕೆ ಸರಿದಳು.

"ಬಾಗಿಲು ನೀವೇ ತಟ್ಟಿ ಮೇಷ್ಟ್ರೇ. ಜೋರಾಗಿ."