ಹಟ್ಟಿಯ ಹೊರಗಿನ ಹೊಂಗೆ ಸಾಲು

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಹೊಸದುರ್ಗ ತಾಲ್ಲೂಕಿನ ಪೊಲೀಸ್ ಠಾಣೆಯೊಂದಕ್ಕೆ ಬಂದ ಕಾವ್ಯಶ್ರೀ ದೂರನ್ನು ಬರೆದೇ ತಂದಿದ್ದಳು. ಹೊಳಲ್ಕೆರೆ ಕಡೆಯ ಬಿ.ದುರ್ಗದವಳು. ಮರ ಕೊರೆಯುವ ದುಂಬಿಗಳ ಮೇಲೆ ಕಣ್ಣಿಡುವ ಸರ್ಕಾರಿ ಯೋಜನೆಯೊಂದರಲ್ಲಿ ಕೆಲಸ. ಮಾಡದಕೆರೆಯಿಂದಾಚೆ, ಗುಡ್ಡದ ಬುಡದ ಕುರಿಗಾರರ ಹಟ್ಟಿಯ ಬಳಿ ಸಂಕ್ರಾಂತಿಯ ಹೊತ್ತಿಗೇ ಮರಗಳಿಗೆ ತೂಗುಹಾಕಿದ್ದ ಟ್ರ್ಯಾಪುಗಳನ್ನು ಯಾರೋ ಖಾಲಿ ಮಾಡುತ್ತಿದ್ದಾರೆ ಎಂಬುದು ದೂರು.

ಹೆಡ್ ಕಾನ್‌ಸ್ಟೇಬಲ್ ಕಲ್ಲೇಶ್ ಅದನ್ನು ಎರಡು ಸಲ ಓದಿದ.

"ಹುಳ ಕಳುವಾಗೈತೆ ಅಂತಾನಾ ಮೇಡಂ? ಚಿನ್ನ ಕಳ್ಕಂಡೋರೇ ಇನ್ನೂ ಹೊರಗೆ ಕುಂತವ್ರೆ."

ಪಿಎಸ್‌ಐ ಯಮುನಾ ನಗಲಿಲ್ಲ. ಕಾವ್ಯಶ್ರೀಗೆ ಕುರ್ಚಿ ತೋರಿಸಿ, ಮೊದಲಿಂದ ಹೇಳಲು ಹೇಳಿದರು.

ಗುಡ್ಡದ ಮೇಲಿನ ಗಾಳಿಯಂತ್ರಗಳ ಭಾಗಗಳು ಹೊರದೇಶದಿಂದ ಬಂದದ್ದು ಮರದ ಪೆಟ್ಟಿಗೆಗಳಲ್ಲಿ. ಆ ಮರದೊಳಗೆ ಒಂದು ಜಾತಿಯ ದುಂಬಿಯೂ ಬಂದಿರಬಹುದೆಂಬ ಅನುಮಾನವಿತ್ತು. ಅದು ತೊಗಟೆಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗೇ ತಿನ್ನುತ್ತ ಬೆಳೆಯುತ್ತದೆ. ಹೊರಗೆ ಎಲೆ ಹಸಿರಾಗಿರುವಾಗಲೇ ಒಳಗೆ ಮರ ಮುಗಿದಿರುತ್ತದೆ. ಟ್ರ್ಯಾಪಿಗೆ ಒಂದೇ ಒಂದು ದುಂಬಿ ಬಿದ್ದರೂ ಸುತ್ತಲಿನ ಕೆಲವು ಮರ ಕಡಿದು ಸುಟ್ಟರೆ ಅಲ್ಲಿಗೇ ನಿಲ್ಲಿಸಬಹುದು. ತಡವಾದರೆ ಹಿರಿಯೂರಿನ ಮಾರಿಕಣಿವೆ ಕಾಡು, ಆಮೇಲೆ ಚಿತ್ರದುರ್ಗದ ಜೋಗಿಮಟ್ಟಿ.

"ಬಿದ್ದಿಲ್ಲ ಅಂದರೆ ಬಂದಿಲ್ಲ ಅಂತಲೂ ಆಗಬಹುದಲ್ಲ?" ಯಮುನಾ ಕೇಳಿದರು.

"ಆ ಹುಳ ಮಾತ್ರ ಇಲ್ದಿದ್ರೆ ನಂಬ್ತಿದ್ದೆ ಮೇಡಂ. ಒಂದು ಇರುವೆ ಇಲ್ಲ, ಒಂದು ನೊಣ ಇಲ್ಲ. ಬಯಲಲ್ಲಿ ತೂಗಾಡೋ ಟ್ರ್ಯಾಪಿನ ಬಟ್ಲು ಹಂಗಿರಾಕೆ ಸಾಧ್ಯನೇ ಇಲ್ಲ."

ಸರ್ಕಾರಿ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ಕರಿಯ ಪ್ಲಾಸ್ಟಿಕ್ ಆಲಿಕೆಗಳನ್ನು ಒಂದರ ಕೆಳಗೊಂದು ಪೋಣಿಸಿ, ತುದಿಗೆ ಬಟ್ಟಲು ಸಿಕ್ಕಿಸಿದ ಟ್ರ್ಯಾಪುಗಳವು. ಗುಡ್ಡದ ಮೇಲಿನವು ಸರಿಯಾಗಿದ್ದವು. ಹಟ್ಟಿಯ ಹೊರಗಿನ ಹೊಂಗೆ ಸಾಲಿನವು ಮಾತ್ರ ಖಾಲಿ. ಆ ಮರಗಳ ಬುಡದಲ್ಲಿ ಯೋಜನೆಯವರು ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು, ನಡುವೆ ತಗಡಿನ ಒಂದು ಗುಡಿಸಲಿತ್ತು. ಪಂಚರಾಗಿ ಬಂದ ಹಟ್ಟಿಯ ಇಬ್ಬರು ಗಂಡಸರು ನೆರಳಿಗೆ ಬರದೆ ಬಿಸಿಲಲ್ಲೇ ದೂರ ನಿಂತರು. ಹತ್ತಿರ ಕರೆದರೂ ಬರಲಿಲ್ಲ; ಅಲ್ಲಿಂದಲೇ ಕಾಣುತ್ತದೆ ಎಂದರು.

ಯಮುನಾ ಒಂದು ಬಟ್ಟಲು ಬಿಚ್ಚಿ ಮೂಸಿದರು. ಹುಳು ಸಾಯಲೆಂದು ಹಾಕಿದ್ದ ಔಷಧದ ವಾಸನೆಯಿಲ್ಲ. ಅಂಚಿನ ಗೆರೆಯಲ್ಲಿ ಸಣ್ಣ ಬೂದಿ. ಒಳಗೋಡೆಯ ತುಂಬ ಮರಳಲ್ಲಿ ಉಜ್ಜಿದ ಗೀರು. ಯಾರೋ ಅದನ್ನು ಚೆಲ್ಲಿ ಸುಮ್ಮನಾಗಿರಲಿಲ್ಲ. ತಿಕ್ಕಿ ತೊಳೆದು, ಬೋರಲು ಹಾಕಿ ಒಣಗಿಸಿ, ಮತ್ತೆ ಸಿಕ್ಕಿಸಿದ್ದರು.

ಕಲ್ಲೇಶ್ ಆಗಲೇ ಆರೋಪಿಯನ್ನು ಹುಡುಕಿಯಾಗಿತ್ತು. ಹಟ್ಟಿಯ ಪಾಲಣ್ಣ ಕುರಿ ಮೇಯಿಸುವ ವಿಷಯಕ್ಕೆ ಹಿಂದೊಮ್ಮೆ ಫಾರೆಸ್ಟ್ ಗಾರ್ಡ್ ಜೊತೆ ಜಗಳವಾಡಿದ್ದ. ಸಂಜೆಯ ಹೊತ್ತಿಗೆ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ.

"ಟ್ರ್ಯಾಪ್ ಮುಟ್ಟಿದ್ಯೇನಲೇ?"

"ಇಲ್ಲ ಸಾ."

"ಮತ್ಯಾರು?"

"ಗೊತ್ತಿಲ್ಲ. ಆ ಕಡೀಗೆ ನಾವು ಹೋಗಲ್ಲ."

"ಯಾಕೆ, ಹುಲಿ ಐತೇನು?"

ಪಾಲಣ್ಣ ತಲೆ ತಗ್ಗಿಸಿದ. "ಹೆಂಗಸ್ರು ಹೊರಗಿರ ಜಾಗ ಸಾ. ಗಂಡಸ್ರು ಕಾಲಿಡಂಗಿಲ್ಲ."

ಯಮುನಾ ಫೈಲಿನಿಂದ ತಲೆಯೆತ್ತಿದರು. ಮುಟ್ಟಾದವರು, ಬಾಣಂತಿಯರು ಹಟ್ಟಿಯೊಳಗೆ ಇರುವಂತಿಲ್ಲ. ದಿನ ಮುಗಿಯುವವರೆಗೆ ಅವರಿಗೆ ಆ ಹೊಂಗೆ ಸಾಲು, ಆ ತಗಡಿನ ಗುಡಿಸಲು. ಪಂಚರು ಬಿಸಿಲಲ್ಲಿ ನಿಂತದ್ದೇಕೆಂದು ಈಗ ತಿಳಿಯಿತು. ಬೂದಿ ಬಟ್ಟಲಿಗೆ ಬಂದದ್ದು ಹೇಗೆಂದೂ ಅರ್ಧ ತಿಳಿಯಿತು. ಹೇಳಿಕೆ ಬರೆಸಿಕೊಂಡು ಪಾಲಣ್ಣನನ್ನು ಮನೆಗೆ ಕಳಿಸಿದರು. ಕಲ್ಲೇಶ್‌ಗೆ ಅದು ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಯಮುನಾ ಮೊದಲು ಹೋದದ್ದು ಗಾಳಿಯಂತ್ರದ ಗುತ್ತಿಗೆದಾರನ ಯಾರ್ಡಿಗೆ. ಒಡೆದ ಪೆಟ್ಟಿಗೆಗಳ ರಾಶಿ ಬೇಲಿಯುದ್ದಕ್ಕೂ ಬಿದ್ದಿತ್ತು. ಇಂಥ ಮರವನ್ನು ಕಾಯಿಸಿ, ಹುಳು ಸಾಯಿಸಿ, ಮುದ್ರೆ ಒತ್ತಿ ಕಳಿಸಬೇಕೆಂದು ಕಾವ್ಯಶ್ರೀ ಹೇಳಿದ್ದಳು. ಹಲವು ಹಲಗೆಗಳ ಮೇಲೆ ಮುದ್ರೆಯೇ ಇರಲಿಲ್ಲ. ಪೆನ್ನಿನ ರೀಫಿಲ್ ತೂರುವಷ್ಟು ತೂತುಗಳಿದ್ದವು. ಇವು ಇಲ್ಲಿ ಯಾಕಿವೆ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್ ನಕ್ಕ.

"ಹಟ್ಟಿಯೋರಿಗೆ ಸೌದೆಗೆ ಪುಕ್ಕಟೆ ಕೊಡ್ತಿದೀವಿ ಮೇಡಂ. ಪುಣ್ಯದ ಕೆಲ್ಸ."

ಫೋಟೋ ತೆಗೆದು, ಇದನ್ನೂ ತನಿಖೆಗೆ ಸೇರಿಸುವುದಾಗಿ ಯಮುನಾ ಮೇಲಧಿಕಾರಿಗೆ ಫೋನ್ ಮಾಡಿದರು. ದೂರಿನಲ್ಲಿ ಇಲ್ಲದ್ದನ್ನು ಕೆದಕಬೇಡಿ, ಟ್ರ್ಯಾಪ್ ಮುಟ್ಟಿದವರನ್ನು ಹಿಡಿಯಿರಿ ಎಂಬ ಉತ್ತರ ಬಂತು. ಫೋನ್ ಇಟ್ಟ ಮೇಲೂ ಅವರ ಕಿವಿ ಬಿಸಿಯಾಗಿಯೇ ಇತ್ತು. ಕಾಡಿಗೆ ಹುಳು ತಂದು ಸುರಿದವನು ಪುಣ್ಯವಂತ. ಬಟ್ಟಲು ತೊಳೆದವಳು ಅಪರಾಧಿ.

ಅಲ್ಲಿಂದ ಕಾವ್ಯಶ್ರೀಯನ್ನೂ ಒಬ್ಬ ಮಹಿಳಾ ಕಾನ್‌ಸ್ಟೇಬಲನ್ನೂ ಕರೆದುಕೊಂಡು ಹೊಂಗೆ ಸಾಲಿಗೆ ಹೋದರು. ಗುಡಿಸಲಿನ ನೆಲವನ್ನು ಸಗಣಿಯಲ್ಲಿ ಸಾರಿಸುತ್ತಿದ್ದ ಹೆಂಗಸು ಎದ್ದು ಸೆರಗು ಹೊದ್ದಳು. ಪಾಲಣ್ಣನ ಹೆಂಡತಿ ಗಂಗಕ್ಕ. ಚೊಚ್ಚಲ ಹೆರಿಗೆಗೆಂದು ಬಂದಿರುವ ಮಗಳು ಕೀರ್ತನಾಗೆ ಬರುವ ತಿಂಗಳು ದಿನ ತುಂಬುತ್ತದೆಂದೂ, ಅವಳಿಗಾಗಿ ಗುಡಿಸಲು ಸರಿಮಾಡುತ್ತಿರುವುದಾಗಿಯೂ ಹೇಳಿದಳು. ಬೇಸಿಗೆಯ ನಡುವಿನ ಹೆರಿಗೆ. ಯಮುನಾ ತಗಡಿಗೆ ಕೈ ತಾಗಿಸಿದರು. ನೆರಳಿದ್ದ ಕಡೆ ಬೆಚ್ಚಗಿತ್ತು. ಎಲೆಗಳ ಸಂದಿಯಿಂದ ಬಿಸಿಲು ಬಿದ್ದ ಕಡೆ ಕೈ ಇಡಲಾಗಲಿಲ್ಲ.

ಅವರು ನೀರು ಕೇಳಿದರು. ಗಂಗಕ್ಕ ಲೋಟವನ್ನು ತೆಗೆದುಕೊಂಡು ಮೂರು ಕಲ್ಲಿನ ಒಲೆಯಿಂದ ಒಂದು ಚಿಟಿಕೆ ಬೂದಿ, ಕಾಲ ಬುಡದಿಂದ ಒಂದಿಷ್ಟು ಮರಳು ತೆಗೆದು ಗರಗರ ತಿಕ್ಕಿದಳು. ತೊಳೆದು ನೀರು ತುಂಬಿ ಕೊಟ್ಟಳು. ಯಮುನಾ ಪೂರ್ತಿ ಕುಡಿದು ಲೋಟ ಹಿಂದಿರುಗಿಸಿದರು.

"ಗಂಗಕ್ಕ, ಆ ಮರಕ್ಕೆ ತೂಗುಹಾಕಿರೋ ಬಟ್ಟಲುಗಳನ್ನ ತೊಳೆದೋರು ನೀವೇನಾ?"

ಗಂಗಕ್ಕ ಲೋಟವನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. "ಹೌದು. ಇನ್ನೊಬ್ರ ಸಾಮಾನು, ಗಲೀಜು ಮಾಡಿ ಇಡಾಕಾಗ್ತೈತಾ?"

ಕಾವ್ಯಶ್ರೀಗೆ ಸಿಟ್ಟು ತಡೆಯಲಾಗಲಿಲ್ಲ. ಏನೇನು ಬಿದ್ದಿತ್ತು ಎಂದು ಕೇಳಿದಳು. ಉದ್ದ ಮೀಸೆಯ, ಬಿಳಿ ಚುಕ್ಕೆಯ ಕರಿ ದುಂಬಿಗಳು. ಒಲೆಗೆ ಹಾಕಿದೆ ಎಂದಳು ಗಂಗಕ್ಕ. ಕಾವ್ಯಶ್ರೀ ಹತ್ತಿರದ ಮರದ ತೊಗಟೆಯನ್ನು ಚಾಕುವಿನಿಂದ ಎಬ್ಬಿಸಿದಳು. ಹಿಟ್ಟಿನಂಥ ಪುಡಿ ಉದುರಿತು. ಒಳಗೆ ಮರವೆಲ್ಲ ದಾರಿ ದಾರಿಯಾಗಿತ್ತು.

"ಸಂಕ್ರಾಂತೀಲೇ ಗೊತ್ತಾಗಿದ್ರೆ ನಾಕು ಮರಕ್ಕೆ ಮುಗೀತಿತ್ತು ಕಣಕ್ಕ. ಈಗ ಈ ಸಾಲು ಪೂರ್ತಿ ಹೋಗ್ತೈತೆ. ಗುಡ್ಡದ್ದೂ ಎಷ್ಟು ಹೋಗ್ತವೋ."

ಗಂಗಕ್ಕ ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ನಂಗ್ಯಾರು ಹೇಳಿದ್ರು?" ಎಂದಳು.

ಯಾರೂ ಹೇಳಿರಲಿಲ್ಲ. ಯೋಜನೆಯವರು ಹಟ್ಟಿಗೆ ಬಂದು ಸಭೆ ಮಾಡಿದ್ದು ನಿಜ. ಕಟ್ಟೆಯ ಮೇಲೆ ಗಂಡಸರನ್ನು ಕೂರಿಸಿ, ಹುಳು ಬಿದ್ದರೆ ಹೊಂಗೆ ಸಾಲು ಕಡಿಯಬೇಕಾಗುತ್ತದೆ ಎಂದಿದ್ದರು. ಗಂಡಸರು ಆಗಲಿ ಎಂದಿದ್ದರು. ಒಪ್ಪಿದವರಲ್ಲಿ ಒಬ್ಬನೂ ಆ ಮರಗಳ ಕೆಳಗೆ ಒಂದು ಮಧ್ಯಾಹ್ನ ಕಳೆದವನಲ್ಲ. ಆ ಸಭೆಯಲ್ಲಿ ಕಾವ್ಯಶ್ರೀಯೂ ಇದ್ದಳು. ಹೆಂಗಸರನ್ನು ಕರೆಯಿರಿ ಎಂದು ಹೇಳಬೇಕೆಂದು ಅವಳಿಗೂ ತೋಚಿರಲಿಲ್ಲ. ಅಂದು ಉಣ್ಣುವಾಗ ಪಾಲಣ್ಣ ಹೇಳಿದ ಒಂದು ಮಾತು ಮಾತ್ರ ಗಂಗಕ್ಕನಿಗೆ ತಲುಪಿತ್ತು: ಬಟ್ಟಲಿಗೆ ಹುಳ ಬಿದ್ದರೆ ಮರ ಹೋಗುತ್ತದೆ. ಅವಳು ಬಟ್ಟಲಿನಲ್ಲಿ ಹುಳ ಉಳಿಯದಂತೆ ನೋಡಿಕೊಂಡಳು.

"ನನ್ನ ಮೂರು ಮಕ್ಳೂ ಕಣ್ಣು ಬಿಟ್ಟಿದ್ದು ಇದೇ ನೆಳ್ಳಾಗೆ. ಈ ಬಿಸ್ಲಾಗೆ, ಈ ತಗಡಿನ ಕೆಳಗೆ, ಹಸಿ ಬಾಣಂತಿ ಹೆಂಗಿರ್ತಾಳೆ ಮೇಡಮ್ಮ?"

"ಮನೆಯೊಳಗೆ ಕರಕೊಳ್ಳಬಹುದಲ್ಲ?"

"ಅದನ್ನ ನನ್ನ ಕೇಳ್ತೀರಲ್ಲ."

ಯಮುನಾಗೆ ನಾಚಿಕೆಯಾಯಿತು. ತಮ್ಮ ಹೊಳಲ್ಕೆರೆಯ ತವರಿನಲ್ಲಿ ಮುಟ್ಟಿನ ದಿನಗಳಲ್ಲಿ ಜಗಲಿಯ ಮೂಲೆಯ ಚಾಪೆಯ ಮೇಲೆ ಕೂತ ಹುಡುಗಿ ಅವರೊಳಗೆ ಇನ್ನೂ ಇದ್ದಳು. ಆ ಹುಡುಗಿಯನ್ನೂ ಯಾರೂ ಏನೂ ಕೇಳಿರಲಿಲ್ಲ. ಈಗ ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಹಾಕಬೇಕಾದವರಲ್ಲಿ ಒಬ್ಬರ ಹೆಸರೂ ಎಫ್‌ಐಆರ್‌ನಲ್ಲಿ ಇರಲಿಲ್ಲ.

ನೋಟಿಸ್ ಕೊಟ್ಟು ಬಿಡಬಹುದಾದ ಪ್ರಕರಣವಿದು ಎಂದು ಅವರು ಮೇಲಕ್ಕೆ ತಿಳಿಸಿದರು. ಕಾಡಿನ ವಿಷಯ, ಜಿಲ್ಲೆಯಲ್ಲಿ ಸುದ್ದಿಯಾಗುತ್ತದೆ, ದಸ್ತಗಿರಿಯನ್ನೇ ತೋರಿಸಿ ಎಂಬ ಆದೇಶ ಬಂತು. ಮಹಜರು, ಹೇಳಿಕೆ, ದಸ್ತಗಿರಿ ಪತ್ರ ಎಲ್ಲ ಮುಗಿಯುವಾಗ ಸಂಜೆ ಐದಾಗಿತ್ತು. ಮನೆಯವರಿಗೆ ತಿಳಿಸಬೇಕಿತ್ತು, ಠಾಣೆಯಿಂದ ಬಂದ ಕಲ್ಲೇಶ್‌ನನ್ನು ಕಳಿಸಿ ಪಾಲಣ್ಣನನ್ನು ಕರೆಸಿದರು. ಅವನ ಹಿಂದೆ ಹಟ್ಟಿಯ ಹಿರಿಯರೂ ಬಂದು, ನೆರಳು ಮುಗಿಯುವಲ್ಲಿ ನಿಂತರು. ಬಸುರಿ ಕೀರ್ತನಾ ದೂರದ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟ ಗಂಗಕ್ಕ ಗಂಡನ ಕಡೆ ತಿರುಗಿದಳು.

"ಮರ ಕಡೀಲಿ, ನಾನು ಅಡ್ಡ ಬರಲ್ಲ. ಕೂಸು ಹುಟ್ಟಿದ ದಿನ ಕೀರ್ತನನ್ನ ಮನೆ ಒಳೀಕೆ ಕರ್ಕಂತೀನಿ ಅಂತ ಈ ಮೇಡಮ್ಮರ ಮುಂದೆ ಹೇಳು. ಕೊಡ್ಲಿ ನಾನೇ ತಂದು ಕೊಡ್ತೀನಿ."

ಪಾಲಣ್ಣ ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡ. ಚಾಲಕ ಇಂಜಿನ್ ಶುರು ಮಾಡಿದ್ದ. ಯಮುನಾ ಆರಿಸಲು ಹೇಳಿದರು. ಎಲ್ಲರೂ ಕಾದರು.

"ಏನಪ್ಪ, ಹೇಳು," ಎಂದ ಕಲ್ಲೇಶ್. ಅವನ ದನಿ ನಿನ್ನೆಯದಾಗಿರಲಿಲ್ಲ.

ಪಾಲಣ್ಣ ಹಿರಿಯರ ಕಡೆ ನೋಡಿದ. ಹಿರಿಯರು ನೆಲ ನೋಡಿದರು. "ಅವ್ರನ್ನ ಕೇಳ್ಬೇಕು ಸಾ," ಎಂದ.

ಗಂಗಕ್ಕ ಜೀಪು ಹತ್ತಿ ಕೂತಳು.

ನ್ಯಾಯಾಲಯಕ್ಕೆ ಸಲ್ಲಿಸುವ ವರದಿಯನ್ನು ಯಮುನಾ ತಾವೇ ಬರೆದರು. ಪೆಟ್ಟಿಗೆಗಳ ಫೋಟೋಗಳನ್ನು ಯಾರನ್ನೂ ಕೇಳದೆ ಲಗತ್ತಿಸಿದರು. ಹೆರಿಗೆಗೆ ಬಂದ ಮಗಳಿಗೆ ನೆರಳು ಉಳಿಯಲೆಂದು ಆರೋಪಿಯು ಈ ಕೃತ್ಯ ಎಸಗಿರುತ್ತಾಳೆ ಎಂದು ಬರೆದರು. ದಸ್ತಗಿರಿಯ ಕಾಲಕ್ಕೆ ಹಾಜರಿದ್ದ ಯಾರೂ ಬೇರೆ ನೆರಳು ಕೊಡಲು ಒಪ್ಪಿರುವುದಿಲ್ಲ ಎಂಬುದನ್ನೂ ಅದರ ಕೆಳಗೆ ಸೇರಿಸಿ, ಸಹಿ ಹಾಕಿದರು.