ಬಿಗಿ ಕೊಕ್ಕೆ

ಚೀಲದ ಅಂಗಡಿಯ ಬಾಗಿಲಲ್ಲಿ ನಿಂತವನ ಕತ್ತಿನ ಮೇಲೆ ಹಗ್ಗದಷ್ಟು ದಪ್ಪದ ಬಾಸುಂಡೆ! ಕಂಡದ್ದೇ ಸೂಜಿಯ ಹೊಲಿಗೆ ಯಂತ್ರ ನಿಂತೇಹೋಯಿತು. ನಾಲಿಗೆ ಚುಚ್ಚುತ್ತದೆಂದು ಬೀದಿಯವರೆಲ್ಲ ಅವಳಿಗಿಟ್ಟ ಹೆಸರೇ ಸೂಜಿ.

"ಏನ್ರೀ, ಯಾರಾದ್ರೂ ನೇಣು ಹಾಕಿ, ಪಾಪ ಅಂತ ಇಳಿಸಿದ್ರಾ?"

"ಕ್ಯಾಮೆರಾ ಕಣ್ರೀ," ಎಂದ. "ಬೆನ್ನಿಗೆ ಚೀಲ, ಕತ್ತಿಗೆ ಇದು. ಬೆಟ್ಟ ಹತ್ತೋವಾಗ ಹೊಟ್ಟೆಗೆ ಗುದ್ದುತ್ತೆ. ಚೀಲದೊಳಗಿಟ್ರೆ, ತೆಗೆಯೋದ್ರೊಳಗೆ ಹಕ್ಕಿ ಹಾರಿಹೋಗಿರುತ್ತೆ."

ಆನೆಮರಿಯಷ್ಟು ಭಾರದ ಕ್ಯಾಮೆರಾ ಅದು. ಅವಳು ಎದ್ದು ಬಂದು ಅವನ ಚೀಲದ ಭುಜಪಟ್ಟಿ ಹಿಡಿದಳು. ಹಿಡಿದದ್ದು ಪಟ್ಟಿಯನ್ನೇ. ಆದರೆ ಅದರೊಳಗೆ ಅವನೂ ಇದ್ದನಲ್ಲ...

"ಅಳತೆ ಸಾಕು ಕಣೇ," ಒಳಗಿಂದ ಸೋದರತ್ತೆ ಕೆಮ್ಮಿದಳು. "ನೀನೇನು ಅವನಿಗೆ ಕೋಟು ಹೊಲೀತಿಲ್ಲ."

ಎರಡು ಪಟ್ಟಿಗೂ ಎದೆಯ ಹತ್ತಿರ ಒಂದೊಂದು ಕೊಕ್ಕೆ ಹೊಲಿದು ಕ್ಯಾಮೆರಾ ತಗುಲಿಸಿದಳು. ಭಾರ ಕತ್ತು ಬಿಟ್ಟು ಭುಜಕ್ಕೆ ಹೋಯಿತು. ಕಳಚಿ ಬಿದ್ದೀತೆಂಬ ಭಯಕ್ಕೆ ಕೊಕ್ಕೆಯ ಬಾಯಿ ಎಷ್ಟು ಬಿಗಿ ಮಾಡಿದಳೆಂದರೆ, ರಾಕ್ಷಸನೂ ಒಂಟಿ ಕೈಯಲ್ಲಿ ಬಿಚ್ಚಲಾರ.

ಅವನು ಬೆಟ್ಟ ಇಳಿದಾಗಲೆಲ್ಲ ಬಂದು ಚಿತ್ರ ತೋರಿಸುತ್ತಿದ್ದ. "ಮುಂದಿನ ಸಲ ನೀವೂ ಬನ್ನಿ" ಎಂದ ದಿನ ಅವಳು ಯಾರದೋ ಚೀಲದ ಬಾಯನ್ನೇ ಸೇರಿಸಿ ಹೊಲಿದುಬಿಟ್ಟಳು.

ಆಮೇಲೊಂದು ಸಂಜೆ ಒಡೆದ ಕ್ಯಾಮೆರಾ ಹಿಡಿದು ಬಂದ. ಬೆಟ್ಟದ ಮೇಲೆ ಸುಸ್ತಾಗಿ ಬೆನ್ನಿನ ಚೀಲ ಇಳಿಸಿದ್ದಾನೆ. ಕೊಕ್ಕೆಯಲ್ಲಿದ್ದ ಕ್ಯಾಮೆರಾ ಚೀಲದ ಜೊತೆಗೇ ಹೋಗಿ ಬಂಡೆಗೆ ಬಡಿದಿದೆ.

ಅಯ್ಯೋ... ಮೊದಲು ಕ್ಯಾಮೆರಾ ಬಿಚ್ಚಿ, ಆಮೇಲೆ ಚೀಲ ಇಳಿಸಿ ಅಂತ ನಾನು ಹೇಳಲೇ ಇಲ್ಲವಲ್ಲ... ಅಂದುಕೊಂಡಳು ಸೂಜಿ. ಹಾಳು ನಾಲಿಗೆ ಮಾತ್ರ ಬೇರೆಯೇ ನುಡಿಯಿತು.

"ನನ್ನ ಹೊಲಿಗೆ ಬಿಟ್ಟಿಲ್ಲ ನೋಡಿ. ಬಳಸೋಕೆ ಬರದಿದ್ರೆ ನಾನೇನ್ ಮಾಡ್ಲಿ?"

ಅವನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಹೊರಟುಹೋದ.

ವರ್ಷಗಳು ಉರುಳಿದವು. ಸೂಜಿ ಅಂದಿನಿಂದ ಹೊಲಿದ ಕೊಕ್ಕೆಗಳೆಲ್ಲ ಒಂದೇ ಬೆರಳಿಗೆ ಬಿಚ್ಚಿಕೊಳ್ಳುವಂಥವು. "ಮೊದ್ಲು ಕ್ಯಾಮೆರಾ, ಆಮೇಲೆ ಚೀಲ" ಎಂದು ಕೊಂಡವರ ಕಿವಿ ತೂತಾಗುವಷ್ಟು ಹೇಳುವಳು. ಕೇಳಬೇಕಾದವನು ಮಾತ್ರ ಆ ಬೀದಿಗೇ ಬರಲಿಲ್ಲ.

ಕೊನೆಗೊಮ್ಮೆ ಬಂದಾಗ ಅವನ ಕಿವಿಯ ಪಕ್ಕದ ಕೂದಲು ನರೆತಿತ್ತು. ಬೆನ್ನಿಗೆ ಅದೇ ಚೀಲ, ಎದೆಗೆ ಅದೇ ಕೊಕ್ಕೆ, ಅದರಲ್ಲೊಂದು ಹೊಸ ಕ್ಯಾಮೆರಾ.

"ಪಟ್ಟಿ ಸವೆದಿದೆ. ಅಷ್ಟು ಗಟ್ಟಿಯಾಗಿ ಹೊಲಿದಿದ್ರಿ... ಇಲ್ಲಿಗೆ ಬರೋಕೊಂದು ನೆಪ ಸಿಗೋಕೆ ಇಷ್ಟು ವರ್ಷ ಬೇಕಾಯ್ತು."

"ಮನೇಲಿ ಯಾರ್ಯಾರಿದ್ದಾರಪ್ಪ?" ಒಳಗಿಂದ ಅತ್ತೆಯ ಪ್ರಶ್ನೆ ಹಾರಿ ಬಂತು.

"ಈ ಚೀಲ ಒಂದೇ, ಅಮ್ಮ."

ಸೂಜಿ ತಲೆ ಎತ್ತಲಿಲ್ಲ. "ಅವತ್ತಿನ ತಪ್ಪು ನಂದೇ ಕಣ್ರೀ. ಹೇಳೋದನ್ನ ಮರೆತಿದ್ದೆ. ಅವತ್ತೇ ಗೊತ್ತಾಗಿತ್ತು."

"ನಾನು ದೂರೋಕೆ ಬಂದಿರ್ಲಿಲ್ಲ. ಕ್ಯಾಮೆರಾ ಹೋದ್ರೆ ಹೋಗ್ಲಿ, ಮುಂದಿನ ಸಲ ನೀವು ಜೊತೆಗಿದ್ರೆ ಸಾಕು ಅನ್ನೋಕೆ ಬಂದಿದ್ದೆ."

ಅವಳ ಕಣ್ಣು ತುಂಬಿತು. ಕಳೆದುಹೋದ ಅಷ್ಟೂ ವರ್ಷ ಮೇಜಿನ ಮೇಲೆ ಬಂದು ಕುಳಿತಂತಾಯಿತು.

"ಈಗ ನಂಗೆ ಮಂಡಿ ನೋವು. ಬೆಟ್ಟ ಹತ್ತೋಕಾಗಲ್ಲ."

"ನಂಗೂ ಅಷ್ಟೆ. ಅರ್ಧ ಹತ್ತೋಣ."

ಚೀಲ ಇಳಿಸುವ ಮೊದಲು ಅವನು ಕೊಕ್ಕೆ ಬಿಚ್ಚಲು ಹೋದ. ಅದು ಮಿಸುಕಲಿಲ್ಲ. ಅವಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು.

"ಬಿಡಿ, ಅದಕ್ಕೆ ಎರಡು ಕೈ ಬೇಕು."

"ಒಂದು ನಂದಿರ್ಲಿ," ಎಂದ ಅವನು.