ಮಾಧ್ಯಮ ಹೇಳದ ಪ್ರಶ್ನೆ

"ಪೊಟ್ಯಾಷಿಯಂ ಪರ್ಮಾಂಗನೇಟಿನ ಎನ್-ಫ್ಯಾಕ್ಟರ್ ಎಷ್ಟ್ರೀ?"

ತನ್ನನ್ನು ನೋಡಲು ಬಂದ ಹುಡುಗನಿಗೆ ಮೇಘಾ ಕೇಳಿದ್ದು ಅದೊಂದೇ ಪ್ರಶ್ನೆ. ಅವಲಕ್ಕಿ ತಟ್ಟೆ ಖಾಲಿಯಾಗಿತ್ತು, ಚಹಾ ಮುಗಿದಿತ್ತು, ಅಜಯ ಮಾತ್ರ ಬಾಯಿ ತೆರೆದಿರಲಿಲ್ಲ. ಅವನ ತಾಯಿ ಚಾಂದಿಬಾಯಿಯೇ ಎಲ್ಲ ಹೇಳಿದ್ದಳು. ಊರು ಸನವಳ್ಳಿ, ಕೆಲಸ ದಾಂಡೇಲಿಯ ಪೇಪರ್ ಮಿಲ್ಲಿನ ಲ್ಯಾಬಿನಲ್ಲಿ, ಉಪ್ಪಿನಕಾಯಿ ಅಂದರೆ ಪ್ರಾಣ.

"ಐದು," ಎಂದ ಅಜಯ.

ಮೇಘಾಗೆ ನಗು ಬಂತು. "ಮೂರ್ರೀ."

ಹಳಿಯಾಳದ ಟ್ಯೂಶನ್ ಕ್ಲಾಸಿನಲ್ಲಿ ಕಲಿಸುವ ಅವಳು ಅಂದು ಬೆಳಿಗ್ಗೆಯಷ್ಟೇ ಮಕ್ಕಳಿಗೆ ಆ ಲೆಕ್ಕ ಬಿಡಿಸಿ ತೋರಿಸಿ ಬಂದಿದ್ದಳು. ಪಕ್ಕದಲ್ಲಿದ್ದ ಮಲಕಪ್ಪ ಕಾಕಾ ತೊಡೆ ತಟ್ಟಿದ. "ನಮ್ಮ ಟೀಚರ್ ಬಾಯಾರು ನಿಮ್ಮ ಕೆಮಿಸ್ಟನ್ನ ಫೇಲ್ ಮಾಡಿಬಿಟ್ರು ನೋಡ್ರಿ!"

ಮನೆಯೆಲ್ಲ ನಕ್ಕಿತು. ಅಜಯ ಏನೋ ಹೇಳಹೋದ. ಅವಳ ಮುಖ ನೋಡಿ ಅದನ್ನು ನುಂಗಿಕೊಂಡ. ಆಮೇಲೆ ತಾನೂ ಸಣ್ಣಗೆ ನಕ್ಕ.

ಆ ನಗೆ ಮೇಘಾಳ ಮನಸ್ಸಿನಲ್ಲಿ ಎಲ್ಲೋ ಉಳಿದಿತ್ತು. ಆದರೂ ಭಾನುವಾರ ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತ ಹೇಳಿಬಿಟ್ಟಳು: "ಬ್ಯಾಡವ್ವಾ. ಮಾತೇ ಬರಂಗಿಲ್ಲ ಅವರಿಗೆ. ಗ್ವಾಡಿ ಜೋಡಿ ಹೆಂಗ ಬಾಳೇವು ಮಾಡ್ಲಿ?"

ರೊಟ್ಟಿ ಬಡಿಯುತ್ತಿದ್ದ ತಾಯಿ ಸುಶೀಲವ್ವ ಕೈ ನಿಲ್ಲಿಸಿದಳು. "ಸಂಜೀಕ ಅವರಿಗೆ ಫೋನ್ ಹಚ್ತೇನಿ. ಅಲ್ಲೀತನಕ ವಿಚಾರ ಮಾಡು. ಅವರಿಗೆ ಇನ್ನೊಂದು ಕಡೆನೂ ಹೆಣ್ಣು ತೋರ್ಸ್ಯಾರ. ನಾ ಒಮ್ಮೆ ಬ್ಯಾಡ ಅಂದೆ ಅಂದ್ರ ಮುಗೀತು ನೋಡು."

"ವಿಚಾರ ಮಾಡೇ ಹೇಳೇನಿ," ಎಂದಳು ಮೇಘಾ.

ಅಂದೇ ಅವಳು ಪಿಯುಸಿ ಹುಡುಗಿಯರನ್ನು ಮಿಲ್ಲಿನ ಲ್ಯಾಬ್ ತೋರಿಸಲು ಕರೆದೊಯ್ಯಬೇಕಿತ್ತು. ಪರವಾನಗಿ ಎಂದೋ ಸಿಕ್ಕಿತ್ತು. ಅಜಯನಿಗೆ ಆ ವಾರ ರಾತ್ರಿ ಪಾಳಿಯೆಂದು ಕೇಳಿದ್ದರಿಂದ ಧೈರ್ಯವಾಗಿಯೇ ಹೋದಳು.

ಬಾಗಿಲಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದವನು ಅವನೇ.

"ಪರವಾನಗಿ ಪತ್ರದಾಗ ನಿಮ್ಮ ಹೆಸರಿತ್ತು. ಪಾಳಿ ಬದಲಿ ಮಾಡ್ಕೊಂಡೆ," ಎಂದ, ಅವಳು ಕೇಳುವ ಮೊದಲೇ. ಕಿವಿ ಕೆಂಪಾಗಿತ್ತು.

ಆದರೆ ಗಾಜಿನ ಸಾಮಾನುಗಳ ನಡುವೆ ಹೋಗಿ ನಿಂತದ್ದೇ ತಡ, ಅಜಯ ಬೇರೆಯೇ ಮನುಷ್ಯನಾದ. ಬೇಯಿಸಿದ ಕಟ್ಟಿಗೆಯ ಪಲ್ಪನ್ನು ಅಂಗೈಯಲ್ಲಿಟ್ಟು ತೋರಿಸಿದ. ಅದರಲ್ಲಿ ಮರದ ಅಂಟು ಎಷ್ಟು ಉಳಿದಿದೆಯೆಂದು ಪರ್ಮಾಂಗನೇಟ್ ಹಾಕಿ ಅಳೆಯುತ್ತೇವೆ ಎಂದ. ಕೈ, ಕಣ್ಣು, ಹುಬ್ಬು, ಎಲ್ಲವೂ ಮಾತಾಡುತ್ತಿದ್ದವು.

"ಬರ್ರಿ, ಒಂದು ಮಜಾ ತೋರಸ್ತೇನಿ."

ಮೂರು ಬೀಕರ್. ಮೂರರಲ್ಲೂ ಹಣ್ಣಾದ ನೇರಳೆಯ ಬಣ್ಣದ ಅದೇ ದ್ರಾವಣ. ಒಂದಕ್ಕೆ ಆಮ್ಲ ಬೆರೆಸಿದ, ಇನ್ನೊಂದಕ್ಕೆ ಬರೀ ನೀರು, ಮತ್ತೊಂದಕ್ಕೆ ಗಟ್ಟಿ ಕ್ಷಾರ. ಆಮೇಲೆ ಮೂರಕ್ಕೂ ಸೋಡಿಯಂ ಸಲ್ಫೈಟನ್ನು ಹನಿಹನಿಯಾಗಿ ಬಿಟ್ಟ.

ಮೊದಲನೆಯದು ಕಣ್ಣೆದುರೇ ತಿಳಿಯಾಗಿ ಬರೀ ನೀರಿನಂತಾಯಿತು. ಎರಡನೆಯದು ಹೊಸ ನೀರು ಬಂದ ಕಾಳಿ ನದಿಯಂತೆ ಕಂದಾಗಿ ಕದಡಿತು. ಮೂರನೆಯದು ಹಸಿರಾಯಿತು, ಮಡಿಯಲ್ಲಿನ ಭತ್ತದ ಸಸಿಯ ಹಸಿರು.

"ಯಾ ಅಲ್ಲಾ!" ಎಂದಳು ಕೈನಾತ, ಕ್ಲಾಸಿನ ಚುರುಕು ಹುಡುಗಿ.

ಮೇಘಾ ಬಾಗಿ ಮೂರನೆಯ ಬೀಕರನ್ನೇ ನೋಡಿದಳು. ಈ ಮೂರನ್ನೂ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಒರೆಸಿದ್ದಾಳೆ. ಟ್ಯೂಶನ್ ಕ್ಲಾಸಿನಲ್ಲಿ ಸೀಮೆಸುಣ್ಣ ಬಿಟ್ಟರೆ ಏನಿದೆ? ಆ ಅಂಕಿಗಳ ಒಳಗೆ ಇಂಥ ಹಸಿರು ಇತ್ತೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ.

"ಒಂದು ಅಣು ಎಷ್ಟು ಎಲೆಕ್ಟ್ರಾನ್ ತಗೋತೈತಿ, ಅದ ಇದರ ಎನ್-ಫ್ಯಾಕ್ಟರ್," ಎಂದ ಅಜಯ. "ಮ್ಯಾಂಗನೀಸ್ ಏಳರಿಂದ ಇಳೀಬೇಕು. ಆಮ್ಲದಾಗ ಎರಡಕ್ಕ ಇಳೀತೈತಿ, ಅಂದ್ರ ಐದು. ಬರೀ ನೀರಿನ್ಯಾಗ ನಾಲ್ಕಕ್ಕ, ಮೂರು. ಗಟ್ಟಿ ಕ್ಷಾರದಾಗ ಆರಕ್ಕ, ಒಂದ ಒಂದು. ಮಾಧ್ಯಮ ಆಮ್ಲನೋ ನೀರೋ ಕ್ಷಾರನೋ ತಿಳೀದ ಉತ್ತರ ಹೇಳಾಕ ಆಗಂಗಿಲ್ಲ."

ಮೇಘಾಳ ಕೆನ್ನೆ ಬಿಸಿಯಾಯಿತು. ಅಂದು ತಾನು ಮಾಧ್ಯಮವನ್ನು ಹೇಳಿಯೇ ಇರಲಿಲ್ಲ. ಬೆಳಗಿನ ಲೆಕ್ಕ ತಲೆಯಲ್ಲಿತ್ತು, ಬರೀ ನೀರಿನದು. ಅವನ ಕೈಗೆ ದಿನವೂ ಬರುವುದು ಆಮ್ಲದ್ದು.

ಹುಡುಗಿಯರು ಬೀಕರ್‌ಗಳ ಫೋಟೊ ತೆಗೆಯಲು ಮುಗಿಬಿದ್ದರು. ಇವರಿಬ್ಬರೂ ವರಾಂಡಕ್ಕೆ ಬಂದರು.

"ನಾನ ಅರ್ಧಾ ಪ್ರಶ್ನೆ ಕೇಳಿದ್ದೆ. ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಮನ್ಯಾಗ, ನಿಮ್ಮ ಕಾಕಾನ ಮುಂದ, ನಿಮ್ಮ ಪ್ರಶ್ನೆ ತಪ್ಪು ಅನ್ಲೇನು?" ಅವನು ಕಟ್ಟೆಯ ಮೇಲೆ ಬೆರಳು ಎಳೆಯುತ್ತಿದ್ದ. "ಫೇಲ್ ಆದ್ರ ಆಗ್ಲಿ, ನೀವು ನಕ್ರಲ್ಲ, ಸಾಕನ್ನಿಸ್ತು."

ಈಗ ಗೋಡೆಯಾಗುವ ಸರದಿ ಮೇಘಾಳದು.

"ಅಲ್ಲಿ ಒಂದ ಮಾತಾಡಿ ಬಂದ್ರಿ," ಎಂದಳು ಕೊನೆಗೆ.

"ಆಡಿದ್ದು ಒಂದು. ತಗೊಂಡು ಬಂದದ್ದು ಭಾಳ ಐತ್ರಿ."

"ಏನು?"

"ನಿಮ್ಮ ಹೆಬ್ಬೆರಳಿಗೆ ಹತ್ತಿದ್ದ ಸುಣ್ಣ. ಚಹಾ ಕೊಡುವಾಗ ನನ್ನ ಕಪ್ ಅಷ್ಟ ನಡುಗಿದ್ದು. ನಗುವಾಗ ಸೆರಗು ಬಾಯಿಗೆ ಹಿಡದದ್ದು..."

"ಸಾಕ್ರಿ!" ಎಂದಳು. ಸಾಕಾಗಿರಲಿಲ್ಲ.

ಅಷ್ಟರಲ್ಲಿ ಅಜಯನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ 'ಅವ್ವ' ಎಂದಿತ್ತು. ಮೇಘಾ ಹೊರಗೆ ನೋಡಿದಳು. ಬಿಸಿಲು ಇಳಿದಿತ್ತು, ಸಂಜೆಯಾಗಿಬಿಟ್ಟಿತ್ತು. ಅವನು ಫೋನ್ ಕಿವಿಗೆ ಹಚ್ಚಿಕೊಂಡ. ಮುಖದ ಬೆಳಕು ಒಮ್ಮೆಗೇ ಇಂಗಿತು.

"ಹೂಂ ಅವ್ವಾ... ಬ್ಯಾಡ ಅಂದ್ರೇನು? ಇರಲಿ ಬಿಡವ್ವಾ. ಅವರಿಗೆ ಏನೂ ಅನ್ನಬ್ಯಾಡ."

ಮೇಘಾ ಕೈ ಚಾಚಿದಳು. "ಕೊಡ್ರಿ ಇಲ್ಲೆ."

ಅವನು ತಿಳಿಯದೆ ನೋಡಿದ. ಅವಳೇ ಫೋನ್ ಎಳೆದುಕೊಂಡಳು. ದನಿ ಕ್ಲಾಸಿನಲ್ಲಿ ಬರುವಂತೆಯೇ ಬಂತು.

"ಅತ್ತೀ, ನಾನು ಮೇಘಾ."

ಆ ಕಡೆ ಚಾಂದಿಬಾಯಿ ಗಾಬರಿಯಾದಳು. "ನೀನಾ? ಈಗಷ್ಟ ನಿಮ್ಮವ್ವ ಬ್ಯಾಡ ಅಂದ್ರಲ್ಲವಾ!"

"ಅವ್ವ ಹೇಳಿದ್ದು ನನ್ನ ಹಳೇ ಉತ್ತರ ರೀ ಅತ್ತೀ. ಲೆಕ್ಕ ತಪ್ಪಿತ್ತು, ತಿದ್ದೇನಿ." ಅವಳು ಅಜಯನನ್ನು ನೋಡಿದಳು. "ನಿಮ್ಮ ಮಗಾ ಪಾಸ್ ಆಗ್ಯಾರ."

ಲ್ಯಾಬಿನ ಕಿಟಕಿಯಲ್ಲಿ ಕೈನಾತ ಕೂಗಿದಳು: "ಮಿಸ್, ಬರ್ರಿ ಲಗೂನ! ಹಸರು ಬಣ್ಣ ಹೊಂಟೈತಿ!"

"ಹೋದ್ರ ಹೋಗ್ಲಿ," ಎಂದ ಅಜಯ, ಅವಳಿಂದ ಕಣ್ಣು ಕೀಳದೆ. "ಮತ್ತ ಮಾಡೂಣು."